ಒಂದನ್ನು ಇಟ್ಟುಕೋ, ಉಳಿದದ್ದನ್ನು ದಾಟಿಸು

ಕಾರ್ಡ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಹಿರಿಯರ ಮುಖ ಬಿಗಿಯುತ್ತದೆ. ಅದಕ್ಕೆ ಕಾರಣವೂ ಉಂಟು. ಇಸ್ಪೀಟಿನ ಎಲೆಯ ಹಿಂದೆ ಹಣ, ಹಣದ ಹಿಂದೆ ಸಾಲ, ಸಾಲದ ಹಿಂದೆ ಮನೆಯ ನೆಮ್ಮದಿ ಹೋದದ್ದನ್ನು ಎಲ್ಲ ಊರಿನವರೂ ನೋಡಿದ್ದಾರೆ. ಆದರೆ ದುಬೈ, ದೋಹಾ, ಬೆಂಗಳೂರು ಕಡೆಯಿಂದ ರಜೆಗೆ ಬರುವ ಕೆಲವು ಹುಡುಗರ ಬ್ಯಾಗಿನಲ್ಲಿ ಈಗ ಕಾಣುವುದು ಇಸ್ಪೀಟಲ್ಲ. ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಇಟ್ಟ ಬಣ್ಣ ಬಣ್ಣದ ಚಿತ್ರದ ಕಾರ್ಡುಗಳು, ಒಂದೊಂದರ ಮೇಲೂ ನಾಲ್ಕೈದು ಸಾಲು ಸಣ್ಣ ಅಕ್ಷರದ ಇಂಗ್ಲಿಷ್ ಬರಹ. ವಾರದ ಕೊನೆಗೆ ಇದರದ್ದೇ ಟೂರ್ನಮೆಂಟ್ ಅಂತೆ, ಪ್ರವೇಶ ಶುಲ್ಕ ಅಂತೆ, ಬಹುಮಾನ ಅಂತೆ. ಉಮ್ಮಂದಿರು ಕೇಳುವ ಪ್ರಶ್ನೆ ಒಂದೇ: "ಉಸ್ತಾದ್, ಇದು ಎಂತದ್ದು? ಜೂಜಾ?"

ಆಟ ಹೇಗೆ ಅಂತ ತಿಳಿಯದೆ ಹರಾಮ್ ಎನ್ನುವುದು ಸುಲಭ, ತಿಳಿಯದೆ ಪರವಾಗಿಲ್ಲ ಎನ್ನುವುದು ಅದಕ್ಕಿಂತ ಸುಲಭ. ಎರಡೂ ಬೇಡ. ನನ್ನಲ್ಲಿ ಹಿಂದೆ ಓದಿದ ಒಬ್ಬ ಹುಡುಗ ಈಗ ದುಬೈಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಮೂರು ವರ್ಷದಿಂದ ಈ ಆಟ ಆಡುತ್ತಿದ್ದಾನೆ. ಕಳೆದ ರಜೆಯಲ್ಲಿ ಎರಡು ಸಂಜೆ ಚಾಪೆಯ ಮೇಲೆ ಕಾರ್ಡ್ ಹರಡಿ ಎಲ್ಲವನ್ನೂ ಬಿಡಿಸಿ ಹೇಳಿದ. ಮದ್ರಸದಲ್ಲಿ ನಾನು ಅವನನ್ನು ಕೇಳುತ್ತಿದ್ದ ಹಾಗೆ ನಾನು ಅಡ್ಡ ಪ್ರಶ್ನೆ ಹಾಕಿದೆ, ಅವನು ಬೇಸರ ಮಾಡದೆ ಉತ್ತರಿಸಿದ.

ಆಟದ ಹೆಸರು ಮ್ಯಾಜಿಕ್: ದಿ ಗ್ಯಾದರಿಂಗ್. ಹೆಸರು ಕೇಳಿಯೇ ಸಿಹ್ರ್ ಅಂತ ಹೆದರುವವರಿಗೆ ಮೊದಲೇ ಹೇಳುತ್ತೇನೆ, ಇದರಲ್ಲಿ ಮಂತ್ರ ಓದುವುದೂ ಇಲ್ಲ, ಮಾಟ ಮಾಡುವುದೂ ಇಲ್ಲ. ಕಥೆ ಮಾತ್ರ ಇಬ್ಬರು ಮಾಂತ್ರಿಕರ ಕಾಳಗದ್ದು. ಇದನ್ನು ಕಟ್ಟಿದವರು ಅಮೆರಿಕದ ಒಬ್ಬ ಗಣಿತದ ಅಧ್ಯಾಪಕ, ರಿಚರ್ಡ್ ಗಾರ್ಫೀಲ್ಡ್. ಅವರು ಬೇರೆ ಒಂದು ಬೋರ್ಡ್ ಗೇಮ್ ಹಿಡಿದುಕೊಂಡು ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಣ್ಣ ಕಂಪೆನಿಯ ಪೀಟರ್ ಆಡ್ಕಿಸನ್ ಅವರ ಬಳಿ ಹೋಗಿದ್ದರು. ಅದನ್ನು ತಯಾರಿಸುವಷ್ಟು ಹಣ ಆಡ್ಕಿಸನ್ ಕೈಯಲ್ಲಿ ಇರಲಿಲ್ಲ. ಜೇಬಿನಲ್ಲಿ ಒಯ್ಯುವಂಥದ್ದು, ಬೇಗ ಆಡಿ ಮುಗಿಸುವಂಥದ್ದು ಒಂದು ಇದ್ದರೆ ಕೊಡಿ ಎಂದರು. ಹಾಗೆ ಹುಟ್ಟಿದ ಆಟ 1993ರ ಆಗಸ್ಟ್‌ನಲ್ಲಿ ಅಂಗಡಿಗೆ ಬಂತು. ಮೊದಲ ಕಾರ್ಡುಗಳನ್ನು ಅಚ್ಚು ಹಾಕಿದ್ದು ಇಸ್ಪೀಟಿನ ಎಲೆಗೆ ಹೆಸರಾದ ಬೆಲ್ಜಿಯಂನ ಕಾರ್ಟಾ ಮುಂಡಿ. ಬಂದ ಮಾಲು ಬಂದ ಹಾಗೇ ಖಾಲಿಯಾಯಿತು. 1999ರಲ್ಲಿ ದೊಡ್ಡ ಆಟಿಕೆ ಕಂಪೆನಿ ಹ್ಯಾಸ್ಬ್ರೊ ಇಡೀ ವಿಝರ್ಡ್ಸನ್ನೇ ಕೊಂಡುಕೊಂಡಿತು.

ಆಡುವ ಕ್ರಮವನ್ನು ಚುಟುಕಾಗಿ ಹೇಳಬೇಕಾದರೆ, ಇಬ್ಬರು ಎದುರುಬದುರು ಕೂರುತ್ತಾರೆ. ಇಬ್ಬರಿಗೂ 20 ಅಂಕದ ಆಯುಸ್ಸು. ಎದುರಾಳಿಯ ಆಯುಸ್ಸನ್ನು ಸೊನ್ನೆಗೆ ಇಳಿಸಿದವನು ಗೆದ್ದ. ಕಾರ್ಡುಗಳಲ್ಲಿ ಕೆಲವು ಜಮೀನು, ಕೆಲವು ಸೈನಿಕರು ಮತ್ತು ಪ್ರಾಣಿಗಳು, ಕೆಲವು ಒಂದೇ ಸಲ ಸಿಡಿಯುವ ಪಟಾಕಿಯ ಹಾಗೆ. ಸರದಿಗೆ ಒಂದು ಜಮೀನು ಇಳಿಸಬಹುದು. ಜಮೀನಿನಿಂದ ಬರುವ ಶಕ್ತಿಯನ್ನು ಖರ್ಚು ಮಾಡಿ ಉಳಿದ ಕಾರ್ಡುಗಳನ್ನು ಇಳಿಸಬೇಕು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಅಂತ ಐದು ಬಣ್ಣ. ಕೆಂಪು ಕಾರ್ಡಿಗೆ ಗುಡ್ಡದ ಜಮೀನು ಬೇಕು, ಹಸಿರಿಗೆ ಕಾಡು, ನೀಲಿಗೆ ದ್ವೀಪ. ಐದೂ ಬಣ್ಣ ಕಲಸಿದರೆ ಸರಿಯಾದ ಹೊತ್ತಿಗೆ ಸರಿಯಾದ ಜಮೀನು ಸಿಗುವುದಿಲ್ಲ. ಹಾಗಾಗಿ ಬುದ್ಧಿವಂತರು ಎರಡು ಬಣ್ಣಕ್ಕೆ ನಿಲ್ಲುತ್ತಾರೆ.

ಇಷ್ಟು ತಿಳಿದರೆ ಸಾಕು, ಈಗ ವಿಷಯಕ್ಕೆ ಬರೋಣ. ಈ ಕಾರ್ಡುಗಳು ಮುಚ್ಚಿದ ಪ್ಯಾಕೆಟಿನಲ್ಲಿ ಬರುತ್ತವೆ. ಒಳಗೆ ಏನುಂಟು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಹೆಚ್ಚಿನವು ಸಾಮಾನ್ಯ ಕಾರ್ಡ್, ಒಂದೋ ಎರಡೋ ಅಪರೂಪದ್ದು. ಮನೆಯಿಂದಲೇ ಡೆಕ್, ಅಂದರೆ ಕಾರ್ಡಿನ ಕಟ್ಟು, ತಯಾರು ಮಾಡಿ ತಂದು ಆಡುವ ಒಂದು ಪದ್ಧತಿ ಉಂಟು. ಅಲ್ಲಿ ದುಡ್ಡಿದ್ದವನು ಅಪರೂಪದ ಕಾರ್ಡುಗಳನ್ನು ಬಿಡಿಬಿಡಿಯಾಗಿ ಖರೀದಿಸಿ ಬಲವಾದ ಕಟ್ಟು ತರಬಹುದು. ದುಡ್ಡಿಲ್ಲದವನು ಇದ್ದದ್ದರಲ್ಲಿ ಸುಧಾರಿಸಬೇಕು.

ಬೂಸ್ಟರ್ ಡ್ರಾಫ್ಟ್‌ನಲ್ಲಿ ಈ ಮೇಲುಕೀಳು ಇಲ್ಲ. ಮನೆಯಿಂದ ಯಾರೂ ಏನೂ ತರುವ ಹಾಗಿಲ್ಲ. ಖಾಲಿ ಕೈಯಲ್ಲಿ ಬರಬೇಕು. ಎಂಟು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಪ್ರತಿಯೊಬ್ಬರಿಗೂ ಮುಚ್ಚಿದ ಮೂರು ಪ್ಯಾಕೆಟ್. ಹಲವು ವರ್ಷ ಒಂದು ಪ್ಯಾಕೆಟಿಗೆ 15 ಕಾರ್ಡ್ ಇತ್ತು, 2024ರಿಂದ ಬಂದ ಹೊಸ ಪ್ಯಾಕೆಟಿನಲ್ಲಿ 14. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ನಾವು 15 ಅಂತಲೇ ಇಟ್ಟುಕೊಳ್ಳೋಣ.

ಎಲ್ಲರೂ ಒಟ್ಟಿಗೆ ಮೊದಲ ಪ್ಯಾಕೆಟ್ ಒಡೆಯುತ್ತಾರೆ. 15 ಕಾರ್ಡ್ ನೋಡಿ, ತನಗೆ ಬೇಕಾದ ಒಂದನ್ನು ಮಾತ್ರ ತೆಗೆದು ಎದುರಿಗೆ ಕವುಚಿ ಇಡಬೇಕು. ಉಳಿದ 14ನ್ನು ಎಡಗಡೆಯವನಿಗೆ ದಾಟಿಸಬೇಕು. ಅದೇ ಹೊತ್ತಿಗೆ ಬಲಗಡೆಯವನು ತನ್ನ 14ನ್ನು ನಿಮಗೆ ಕೊಡುತ್ತಾನೆ. ಅದರಲ್ಲಿ ಒಂದು ತೆಗೆದು 13ನ್ನು ದಾಟಿಸುವುದು. ಹೀಗೆ ಕೊನೆಯ ಕಾರ್ಡಿನವರೆಗೆ. ಮದುವೆ ಮನೆಯಲ್ಲಿ ಮಾಂಸದ ತಟ್ಟೆ ಒಬ್ಬರಿಂದ ಒಬ್ಬರಿಗೆ ಹೋಗುವುದನ್ನು ನೆನಪು ಮಾಡಿಕೊಳ್ಳಿ. ವ್ಯತ್ಯಾಸ ಇಷ್ಟೇ, ಇಲ್ಲಿ ಎಂಟು ತಟ್ಟೆ ಒಂದೇ ಹೊತ್ತಿಗೆ ಸುತ್ತುತ್ತಿರುತ್ತದೆ, ಮತ್ತು ಯಾರೂ ಎರಡು ತುಂಡು ತೆಗೆಯುವ ಹಾಗಿಲ್ಲ. ಮೊದಲ ಪ್ಯಾಕೆಟ್ ಮುಗಿದ ಮೇಲೆ ಎರಡನೆಯದನ್ನು ಒಡೆಯುತ್ತಾರೆ, ಆಗ ದಾಟಿಸುವುದು ಬಲಗಡೆಗೆ. ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ಒಬ್ಬೊಬ್ಬರ ಎದುರು 45 ಕಾರ್ಡ್, ಇಡೀ ಮೇಜಿನಲ್ಲಿ 360.

ದೊಡ್ಡ ಟೂರ್ನಮೆಂಟ್‌ಗಳಲ್ಲಿ ಇದಕ್ಕೆ ಗಡಿಯಾರ ಹಿಡಿಯುತ್ತಾರೆ. ಮೊದಲ ಆಯ್ಕೆಗೆ ಸುಮಾರು 40 ಸೆಕೆಂಡ್. ಕಾರ್ಡ್ ಕಡಿಮೆಯಾದ ಹಾಗೆ ಸಮಯವೂ ಇಳಿಯುತ್ತಾ ಹೋಗಿ ಕೊನೆಯ ಕೆಲವಕ್ಕೆ ಐದೇ ಸೆಕೆಂಡ್. ಮಾತಾಡುವ ಹಾಗಿಲ್ಲ. ತೆಗೆದ ಕಾರ್ಡನ್ನು ಯಾರಿಗೂ ತೋರಿಸುವ ಹಾಗಿಲ್ಲ. ಮುಖ ನೋಡಿ ಸನ್ನೆ ಮಾಡುವ ಹಾಗಿಲ್ಲ. ಅಂಗಡಿಯ ಸಣ್ಣ ಆಟದಲ್ಲಿ ಇಷ್ಟು ಬಿಗಿ ಇರುವುದಿಲ್ಲ, ಆದರೂ ಡ್ರಾಫ್ಟ್ ನಡೆಯುವಾಗ ಎಲ್ಲರೂ ತನ್ನಿಂದ ತಾನೇ ಮೌನವಾಗುತ್ತಾರೆ ಅಂತ ಹುಡುಗ ಹೇಳಿದ. ಕಾಗದದ ಸರಸರ ಸದ್ದು ಮಾತ್ರ.

ಈ ಮೌನದಲ್ಲೇ ಒಂದು ಮಾತುಕತೆ ನಡೆಯುತ್ತಾ ಇರುತ್ತದೆ. ನನಗೆ ಆಟದ ಮೇಲೆ ನಿಜವಾದ ಆಸಕ್ತಿ ಹುಟ್ಟಿದ್ದು ಇಲ್ಲಿಂದ.

ಬಲಗಡೆಯವನು ನಿಮಗೆ ದಾಟಿಸಿದ್ದು ಅವನಿಗೆ ಬೇಡವಾದದ್ದು. ಏಳನೇ ಆಯ್ಕೆಯ ಹೊತ್ತಿಗೂ ಒಂದು ಒಳ್ಳೆಯ ಕೆಂಪು ಕಾರ್ಡ್ ಪ್ಯಾಕೆಟಿನಲ್ಲಿ ಉಳಿದು ನಿಮ್ಮ ಕೈಗೆ ಬಂದರೆ ಅದರ ಅರ್ಥ ಎಂತ? ನಿಮಗಿಂತ ಮೊದಲು ಆರು ಜನ ಅದನ್ನು ನೋಡಿ ಬಿಟ್ಟಿದ್ದಾರೆ. ಅಂದರೆ ಬಲಗಡೆ ಕೆಂಪು ಹಿಡಿದವರು ಬಹುಶಃ ಯಾರೂ ಇಲ್ಲ. ನೀವು ನೀಲಿಯೋ ಕಪ್ಪೋ ಅಂತ ಗಟ್ಟಿ ಮಾಡಿಕೊಂಡಿದ್ದರೂ ಈಗ ಯೋಚಿಸಬೇಕು. ಹಠ ಹಿಡಿದು ಮೊದಲು ತೆಗೆದ ಬಣ್ಣಕ್ಕೇ ಅಂಟಿಕೊಂಡವನು ಬಡವಾಗುತ್ತಾನೆ. ಬಂದದ್ದನ್ನು ನೋಡಿ ದಾರಿ ಬದಲಿಸಿದವನಿಗೆ ಒಳ್ಳೆಯ ಕಟ್ಟು ಸಿಗುತ್ತದೆ. ಹಾಗಂತ ಪ್ರತಿ ಪ್ಯಾಕೆಟಿಗೂ ಬಣ್ಣ ಬದಲಿಸಿದರೆ ಕೊನೆಗೆ ಐದು ಬಣ್ಣದ ಚಿಂದಿ ಉಳಿಯುತ್ತದೆ, ಅಂಗಿಯಾಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಕೇಳಿ. ಮೊದಲ ಪ್ಯಾಕೆಟಿನಲ್ಲಿ ಎಡಗಡೆಯವನಿಗೆ ಕೊಡುವವರು ನೀವು. ಎರಡನೆಯದರಲ್ಲಿ ದಿಕ್ಕು ತಿರುಗಿ ಅವನೇ ನಿಮಗೆ ಕೊಡುವವನಾಗುತ್ತಾನೆ. ಮೊದಲ ಸುತ್ತಿನಲ್ಲಿ ನೀವು ಒಳ್ಳೆಯ ಕೆಂಪನ್ನೆಲ್ಲ ಇಟ್ಟುಕೊಂಡು ಉಳಿದ ಬಣ್ಣವನ್ನು ಧಾರಾಳವಾಗಿ ದಾಟಿಸಿದರೆ ಅವನು ಕೆಂಪಿನ ಕಡೆ ಬರುವುದಿಲ್ಲ. ಎರಡನೇ ಸುತ್ತಿನಲ್ಲಿ ಅವನಿಗೆ ಬೇಡವಾದ ಕೆಂಪು ನಿಮಗೇ ಬರುತ್ತದೆ. ಬದಲಿಗೆ ನೀವು ಗೊಂದಲದಲ್ಲಿ ಅರ್ಧ ಕೆಂಪು ಇಟ್ಟು ಅರ್ಧ ದಾಟಿಸಿದರೆ ಅವನೂ ಕೆಂಪು ಹಿಡಿಯುತ್ತಾನೆ, ಆಮೇಲೆ ಇಬ್ಬರಿಗೂ ನಷ್ಟ. ಬಾಯಿಬಿಟ್ಟು ಒಂದು ಮಾತಾಡದೆ ನೆರೆಯವನ ಜೊತೆ ಹೀಗೆ ಹೊಂದಾಣಿಕೆ ಮಾಡಿಕೊಳ್ಳುವ ಆಟ ಇನ್ನೊಂದು ನಾನು ಕಂಡಿಲ್ಲ. ಆಮೇಲೆ ಅದೇ ನೆರೆಯವನ ಎದುರು ಕೂತು ಆಡಬೇಕಾಗಿಯೂ ಬರಬಹುದು, ಅದು ಬೇರೆ ವಿಷಯ.

ಮತ್ತೆ ನೆನಪಿನ ಕೆಲಸ. ನೀವು ಒಡೆದ ಪ್ಯಾಕೆಟ್ ಮೇಜು ಸುತ್ತಿ ಒಂಬತ್ತನೇ ಆಯ್ಕೆಗೆ ಮತ್ತೆ ನಿಮ್ಮ ಕೈಗೇ ಬರುತ್ತದೆ. ಹೋದದ್ದು ಎಂಟು, ಉಳಿದದ್ದು ಏಳು. ಎಂಟರಲ್ಲಿ ಒಂದು ನೀವು ತೆಗೆದದ್ದು, ಉಳಿದ ಏಳನ್ನು ಒಬ್ಬೊಬ್ಬರು ಒಂದೊಂದು ತೆಗೆದಿದ್ದಾರೆ. ಮೊದಲು ನೋಡಿದ 15 ನೆನಪಿದ್ದರೆ ಯಾವುದು ಹೋಯಿತು ಅಂತ ತಿಳಿಯುತ್ತದೆ, ಮೇಜಿನಲ್ಲಿ ಯಾವ ಬಣ್ಣಕ್ಕೆ ಬೇಡಿಕೆ ಉಂಟು ಎಂಬ ಅಂದಾಜು ಸಿಗುತ್ತದೆ. 'ಹಿಫ್ಝ್ ತರಗತಿಯಲ್ಲಿ ಕೂತವರಿಗೆ ಇದು ಕಷ್ಟ ಇಲ್ಲ ಉಸ್ತಾದ್' ಎಂದು ಹುಡುಗ ನಕ್ಕ. ಅವನು ಹಿಫ್ಝ್ ಅರ್ಧಕ್ಕೆ ಬಿಟ್ಟವನು, ಅದನ್ನು ನಾನು ನೆನಪಿಸಲು ಹೋಗಲಿಲ್ಲ.

45 ಕಾರ್ಡ್ ಕೈಗೆ ಬಂದ ಮೇಲೆ ಕಟ್ಟು ಕಟ್ಟುವ ಕೆಲಸ. ಕನಿಷ್ಠ 40 ಕಾರ್ಡ್ ಇರಬೇಕು. ರೂಢಿಯಲ್ಲಿ 17 ಜಮೀನು, 23 ಉಳಿದವು. ಸಾದಾ ಜಮೀನಿನ ಕಾರ್ಡನ್ನು ಅಂಗಡಿಯವರೇ ಕೊಡುತ್ತಾರೆ, ಅದಕ್ಕೆ ಪೈಪೋಟಿ ಇಲ್ಲ. ಅಂದರೆ ತೆಗೆದ 45ರಲ್ಲಿ ಹತ್ತಿರ ಹತ್ತಿರ ಅರ್ಧ ಹೊರಗೇ ಉಳಿಯುತ್ತದೆ. ಹೊಸಬರು ಸೋಲುವುದು ಇಲ್ಲಿಯೇ. ಆರೇಳು ಜಮೀನು ಬಿದ್ದ ಮೇಲೆ ಇಳಿಯುವ ದೊಡ್ಡ ದೊಡ್ಡ ಪ್ರಾಣಿಗಳನ್ನೆಲ್ಲ ಆಸೆಪಟ್ಟು ಸೇರಿಸುತ್ತಾರೆ. ನಮ್ಮ ಹುಡುಗನೂ ಮೊದಲ ಸಲ ಅದನ್ನೇ ಮಾಡಿದ್ದನಂತೆ, ಮೂರು ಡ್ರ್ಯಾಗನ್ ಹಿಡಿದು ಕೂತಿದ್ದ. ಎದುರಿನವನು ಎರಡು ಜಮೀನಿಗೆ ಇಳಿಯುವ ಸಣ್ಣ ಸಣ್ಣ ಸೈನಿಕರನ್ನು ಸಾಲಾಗಿ ತಂದ. ಡ್ರ್ಯಾಗನ್ ಕೈಯಲ್ಲೇ ಇರುವಾಗ ಆಟ ಮುಗಿದಿತ್ತು. ಈಗ ಅವನು ಮೊದಲು ಹುಡುಕುವುದು ಎದುರಾಳಿಯ ಸೈನಿಕನನ್ನು ತೆಗೆದುಹಾಕುವ ಅಗ್ಗದ ಕಾರ್ಡ್, ಆಮೇಲೆ ಎರಡು ಮೂರು ಜಮೀನಿಗೆ ಇಳಿಯುವ ಸಾಧಾರಣ ಸೈನಿಕರು. ನೋಡಲು ಚಂದ ಇಲ್ಲ, ಗೆಲ್ಲುವುದು ಅದರಿಂದಲೇ.

ಹಾಗಾದರೆ ಅದೃಷ್ಟಕ್ಕೆ ಜಾಗ ಇಲ್ಲವಾ? ಉಂಟು, ಬೇಕಾದಷ್ಟು ಉಂಟು. ಆಟ ಶುರುವಾಗುವಾಗ ಕಟ್ಟನ್ನು ಕಲಸಿ ಏಳು ಕಾರ್ಡ್ ಎತ್ತಬೇಕು. 40ರಲ್ಲಿ 17 ಜಮೀನು ಇದ್ದರೆ ಏಳರಲ್ಲಿ ಸರಾಸರಿ ಮೂರು ಬರಬೇಕು. ಆದರೆ ಸರಾಸರಿ ಎಂಬುದು ಪ್ರತಿ ಸಲ ಬರುವಂಥದ್ದಲ್ಲ. ಕೆಲವೊಮ್ಮೆ ಒಂದೇ ಜಮೀನು, ಕೆಲವೊಮ್ಮೆ ಆರು. ಮತ್ತೊಮ್ಮೆ ಎತ್ತಲು ಅವಕಾಶ ಉಂಟು, ಅದಕ್ಕೆ ಒಂದು ಕಾರ್ಡ್ ದಂಡ. ಹೀಗೆ ಒಳ್ಳೆಯ ಆಟಗಾರನೂ ಜಮೀನು ಸಿಗದೆ ಸೋಲುತ್ತಾನೆ. ಈ ಏರುಪೇರು ಸ್ವಲ್ಪ ಸರಿಹೋಗಲಿ ಅಂತಲೇ ಒಂದು ಪಂದ್ಯಕ್ಕೆ ಮೂರು ಆಟ, ಎರಡು ಗೆದ್ದವನಿಗೆ ಪಂದ್ಯ. ಒಂದು ಸುತ್ತಿಗೆ 50 ನಿಮಿಷ. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಎದುರಾಗುತ್ತಾರೆ. ಸೋತವನನ್ನು ಮನೆಗೆ ಕಳಿಸುವುದಿಲ್ಲ. ಎಂಟು ಜನರಲ್ಲಿ ಮೂರು ಸುತ್ತಿನ ನಂತರ ಮೂರೂ ಗೆದ್ದವನು ಒಬ್ಬನೇ ಉಳಿಯುತ್ತಾನೆ.

ಈಗ ಹಣದ ಮಾತು. ಡ್ರಾಫ್ಟ್‌ನಲ್ಲಿ ತೆಗೆದ ಕಾರ್ಡ್ ತೆಗೆದವನ ಸ್ವಂತ. ಮನೆಗೆ ಒಯ್ಯಬಹುದು, ಮಾರಬಹುದು. ಹಾಗಾಗಿ ಕೆಲವೊಮ್ಮೆ ಒಂದು ಇಕ್ಕಟ್ಟು ಬರುತ್ತದೆ. ಎದುರಿಗಿರುವ ಒಂದು ಕಾರ್ಡ್ ನಿಮ್ಮ ಕಟ್ಟಿಗೆ ಬೇಕಾದದ್ದು, ಬೆಲೆ ಏನೂ ಇಲ್ಲ. ಪಕ್ಕದಲ್ಲಿರುವ ಇನ್ನೊಂದು ನಿಮ್ಮ ಕಟ್ಟಿಗೆ ಉಪಯೋಗವಿಲ್ಲ, ಮಾರುಕಟ್ಟೆಯಲ್ಲಿ ಭಾರೀ ಬೆಲೆ. ಯಾವುದನ್ನು ತೆಗೆಯುವುದು? ಸಾರಿಗೆ ಬೇಕಾದದ್ದು ಬಂಗುಡೆ, ಕೈಗೆ ಸಿಕ್ಕಿದ್ದು ಅಂಜಲ್ ಎಂದ ಹಾಗೆ.

ಇದು ದೊಡ್ಡ ವೇದಿಕೆಯ ಮೇಲೆಯೇ ಒಮ್ಮೆ ನಡೆಯಿತು. 2015ರ ಮೇ ಕೊನೆಯಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಗ್ರ್ಯಾಂಡ್ ಪ್ರಿ ಟೂರ್ನಮೆಂಟ್. ಆಡಲು ಬಂದವರು 7 ಸಾವಿರಕ್ಕೂ ಹೆಚ್ಚು. ಕೊನೆಯ ಹಂತಕ್ಕೆ ಬಂದ ಎಂಟು ಮಂದಿ ಒಂದು ಡ್ರಾಫ್ಟ್ ಮೇಜಿಗೆ ಕೂತರು. ಅವರಲ್ಲಿ ಒಬ್ಬರು ಕೆನಡಾದ ಪಾಸ್ಕಲ್ ಮೇನಾರ್ಡ್. ಅವರ ಕೈಗೆ ಬಂದ ಪ್ಯಾಕೆಟಿನಲ್ಲಿ ಬರ್ಸ್ಟ್ ಲೈಟ್ನಿಂಗ್ ಎಂಬ ಕೆಂಪು ಕಾರ್ಡ್ ಇತ್ತು. ಒಂದೇ ಜಮೀನಿಗೆ ಇಳಿಯುವ, ಎದುರಾಳಿಯ ಸೈನಿಕನನ್ನು ಸುಡುವ ಕಾರ್ಡ್, ಅವರ ಕಟ್ಟಿಗೆ ಹೇಳಿ ಮಾಡಿಸಿದ್ದು. ಅದರ ಜೊತೆಗೇ ಟಾರ್ಮೊಗಾಯ್ಫ್ ಎಂಬ ಹಸಿರು ಪ್ರಾಣಿ, ಅದೂ ಮಿನುಗುವ ಹಾಳೆಯಲ್ಲಿ ಅಚ್ಚಾದ ಪ್ರತಿ. ಆ ಕಾಲಕ್ಕೆ ನೂರಾರು ಡಾಲರ್ ಬಾಳುವಂಥದ್ದು. ಮೇನಾರ್ಡ್ ಟಾರ್ಮೊಗಾಯ್ಫ್ ತೆಗೆದು ಬರ್ಸ್ಟ್ ಲೈಟ್ನಿಂಗನ್ನು ದಾಟಿಸಿದರು.

ಇಂಟರ್ನೆಟ್‌ನಲ್ಲಿ ಲೈವ್ ನೋಡುತ್ತಿದ್ದವರು ಗಲಾಟೆ ಎಬ್ಬಿಸಿದರು. ದೊಡ್ಡ ಆಟಗಾರರೇ ಟ್ವಿಟರ್‌ನಲ್ಲಿ ಟೀಕಿಸಿದರು. ಅಷ್ಟು ದೂರ ಬಂದು ಗೆಲ್ಲುವುದನ್ನು ಬಿಟ್ಟು ದುಡ್ಡಿಗೆ ಆಸೆಪಟ್ಟ ಎಂಬುದು ಒಂದು ಕಡೆಯ ವಾದ. ಕೈಗೆ ಬಂದ ಗಟ್ಟಿ ಹಣವನ್ನು, ಗೆಲ್ಲುವ ಅವಕಾಶ ಒಂದಿಷ್ಟು ಹೆಚ್ಚುತ್ತದೆ ಅಂತ ಬಿಡಬೇಕಾ ಎಂಬುದು ಇನ್ನೊಂದು ಕಡೆಯದ್ದು. ಆಮೇಲೆ ಅದೇ ಕಾರ್ಡನ್ನು ಮೇನಾರ್ಡ್ ಇ-ಬೇಯಲ್ಲಿ ಹರಾಜಿಗೆ ಹಾಕಿದರು. ಗಲಾಟೆಯಿಂದಲೇ ಅದಕ್ಕೆ ಬೆಲೆ ಬಂದಿತ್ತು. ಹರಾಜು ನಿಂತದ್ದು 14,900 ಡಾಲರಿಗೆ. ಅದರಲ್ಲಿ ಅರ್ಧವನ್ನು ಅವರು ಆಟಗಾರರ ಕಾಲೇಜು ಓದಿಗೆ ನೆರವಾಗುವ ಗೇಮರ್ಸ್ ಹೆಲ್ಪಿಂಗ್ ಗೇಮರ್ಸ್ ಎಂಬ ಸಂಸ್ಥೆಗೆ ಕೊಡುವುದಾಗಿ ಹೇಳಿದರು.

ನನ್ನ ಅಭಿಪ್ರಾಯ ಕೇಳಿದರೆ ಮೇನಾರ್ಡ್ ಮಾಡಿದ್ದರಲ್ಲಿ ಮೋಸ ಇಲ್ಲ. ನಿಯಮದ ಒಳಗೇ ಇತ್ತು, ಯಾರ ಕೈಯಿಂದಲೂ ಕಸಿದದ್ದಲ್ಲ. ಆದರೆ ಆ ಗಲಾಟೆ ಒಂದು ವಿಷಯವನ್ನು ಬಯಲು ಮಾಡಿತು. ಡ್ರಾಫ್ಟ್ ಮೇಜಿನ ಮೇಲೆ ಎರಡು ತಕ್ಕಡಿ ಇರುತ್ತದೆ. ಒಂದು ಆಟದ್ದು, ಒಂದು ಅಂಗಡಿಯದ್ದು. ಮೊದಲನೆಯದು ಹಿಡಿದರೆ ಇದು ಬುದ್ಧಿಯ ಸ್ಪರ್ಧೆ. ಎರಡನೆಯದನ್ನೇ ನೋಡುತ್ತಾ ಕೂತರೆ ಪ್ಯಾಕೆಟ್ ಎಂಬುದು ಲಾಟರಿ ಟಿಕೆಟಿಗೆ ಹತ್ತಿರವಾಗುತ್ತದೆ. ಹುಡುಗ ಯಾವ ತಕ್ಕಡಿ ಹಿಡಿದಿದ್ದಾನೆ ಎಂಬುದೇ ಮನೆಯವರು ಗಮನಿಸಬೇಕಾದದ್ದು.

ಜೂಜಿನ ಸಂಶಯ ನಮಗೆ ಮಾತ್ರ ಬಂದದ್ದಲ್ಲ. ಆಟ ಹುಟ್ಟಿದ ಹೊಸದರಲ್ಲಿ ನಿಯಮವೇ ಹಾಗಿತ್ತು: ಆಟ ಶುರುವಾಗುವ ಮೊದಲು ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡ್ ಬದಿಗಿಡಬೇಕು, ಗೆದ್ದವನು ಎರಡನ್ನೂ ಒಯ್ಯುತ್ತಾನೆ. ಇದು ಸ್ಪಷ್ಟವಾಗಿ ಪಣ. ಆಟಗಾರರಿಗೇ ಅದು ಹಿಡಿಸಲಿಲ್ಲ, ಕಾನೂನಿನ ತೊಡಕೂ ಇತ್ತು. ನಿಧಾನವಾಗಿ ಅದನ್ನು ಕೈಬಿಟ್ಟರು. ಪಣದ ಬಗ್ಗೆ ಬರೆದ ಕಾರ್ಡುಗಳು 1995ರ ನಂತರ ಬರಲಿಲ್ಲ, ಹಳೆಯವನ್ನೂ ಟೂರ್ನಮೆಂಟಿಗೆ ತರುವ ಹಾಗಿಲ್ಲ. ಇವತ್ತಿನ ಟೂರ್ನಮೆಂಟ್ ನಿಯಮದಲ್ಲಿ ಪಂದ್ಯದ ಮೇಲೆ ಬಾಜಿ ಕಟ್ಟುವುದು, ಹಣ ಕೊಟ್ಟು ಪಂದ್ಯ ಬಿಟ್ಟುಕೊಡಲು ಹೇಳುವುದು, ಸಮಯ ಮುಗಿಯಿತು ಅಂತ ದಾಳ ಉರುಳಿಸಿ ಗೆದ್ದವರನ್ನು ತೀರ್ಮಾನಿಸುವುದು ಎಲ್ಲವೂ ನಿಷಿದ್ಧ. ಅಂಥದ್ದು ಕಂಡರೆ ಜಡ್ಜ್ ಆದವನು ಟೂರ್ನಮೆಂಟಿನಿಂದಲೇ ಹೊರಗೆ ಹಾಕಬಹುದು. ಇದು ನನಗೆ ಹೊಸ ವಿಷಯವಾಗಿತ್ತು.

ಮುಚ್ಚಿದ ಪ್ಯಾಕೆಟ್ ಮಾರುವುದೇ ಜೂಜು ಅಂತ ಅಮೆರಿಕದಲ್ಲಿ ಕಾರ್ಡ್ ಕೊಂಡವರು ಕಂಪೆನಿಗಳ ಮೇಲೆ ದಾವೆ ಹಾಕಿದ್ದೂ ಉಂಟು. 2002ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹಣ ಕೊಟ್ಟವನಿಗೆ ಹೇಳಿದಷ್ಟು ಕಾರ್ಡೂ, ಅಪರೂಪದ್ದು ಸಿಗಬಹುದಾದ ಅವಕಾಶವೂ ಸಿಕ್ಕಿದೆ, ನಷ್ಟ ಎಲ್ಲಿ ಎಂಬ ಅರ್ಥದ ತೀರ್ಪು. ಗಲ್ಫ್ ಕಡೆಯವರಿಗೆ ಇನ್ನೊಂದು ನೆನಪಿರಬಹುದು. 2001ರಲ್ಲಿ ಸೌದಿ ಅರೇಬಿಯಾದಲ್ಲಿ ಪೋಕೆಮಾನ್ ಆಟಕ್ಕೂ ಕಾರ್ಡಿಗೂ ನಿಷೇಧ ಬಂದಿತ್ತು. ಹೇಳಿದ ಕಾರಣಗಳಲ್ಲಿ ಜೂಜಿನ ಅಂಶವೂ ಒಂದು. ಪೋಕೆಮಾನ್ ಬೇರೆ ಆಟ, ಆದರೆ ಪ್ಯಾಕೆಟಿನ ವ್ಯಾಪಾರ ಅದೇ ಬಗೆಯದ್ದು.

ಫತ್ವಾ ಕೊಡುವುದು ನನ್ನಂಥ ಮದ್ರಸ ಅಧ್ಯಾಪಕನ ಕೆಲಸ ಅಲ್ಲ, ಅದು ಮುಫ್ತಿಗಳದ್ದು. ಅವರ ಹತ್ತಿರ ಹೋಗುವಾಗ ಪ್ರಶ್ನೆಯನ್ನು ಸರಿಯಾಗಿ ಒಯ್ಯಬೇಕು, ಅದಕ್ಕೆ ನೆರವಾಗಲಿ ಅಂತ ಇಷ್ಟು ಬರೆಯುತ್ತೇನೆ. ಮೈಸಿರ್ ಎಂಬುದನ್ನು ಸೂರಃ ಅಲ್ ಮಾಇದಃದಲ್ಲಿ ಮದ್ಯದ ಜೊತೆಗೇ ತಡೆಯಲಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆಟಗಳ ವಿಷಯಕ್ಕೆ ಬಂದರೆ ನಮ್ಮ ಶಾಫಿಈ ಮದ್‌ಹಬಿನಲ್ಲಿ ದಾಳ ಉರುಳಿಸುವ ನರ್ದ್ ಹರಾಮ್, ಹಣ ಕಟ್ಟದೆ ಆಡುವ ಶತ್ರಂಜ್ ಮಕ್ರೂಹ್ ಎಂಬುದು ಪ್ರಸಿದ್ಧ ಅಭಿಪ್ರಾಯ. ಒಂದರಲ್ಲಿ ದಾಳ ಹೇಳಿದ ಹಾಗೆ ಕೇಳಬೇಕು, ಇನ್ನೊಂದರಲ್ಲಿ ಯೋಚಿಸಿ ನಡೆಸಬೇಕು ಎಂಬ ವ್ಯತ್ಯಾಸವನ್ನು ಉಲಮಾಗಳು ಎತ್ತಿ ತೋರಿಸಿದ್ದಾರೆ. ಡ್ರಾಫ್ಟ್‌ನಲ್ಲಿ ಎರಡೂ ಉಂಟು. ಪ್ಯಾಕೆಟ್ ಒಡೆಯುವುದು ದಾಳದ ಹಾಗೆ, ಒಂದನ್ನು ಆರಿಸಿ ಉಳಿದದ್ದನ್ನು ದಾಟಿಸುವುದು ಶತ್ರಂಜಿನ ಹಾಗೆ.

ಮತ್ತೆ ಬಹುಮಾನ. ಸ್ಪರ್ಧಿಗಳೆಲ್ಲ ಹಣ ಹಾಕಿ, ಒಟ್ಟಾದದ್ದನ್ನು ಗೆದ್ದವನು ಒಯ್ದರೆ ಅದು ಖಿಮಾರ್. ಬಹುಮಾನವನ್ನು ಆಟದಲ್ಲಿ ಇಲ್ಲದ ಮೂರನೆಯವರು ಕೊಟ್ಟರೆ ಲೆಕ್ಕ ಬೇರೆ. ಹಾಗಾದರೆ ಅಂಗಡಿಯ ಡ್ರಾಫ್ಟ್ ಯಾವುದು? ಅದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಕೆಲವು ಕಡೆ ಮೂರು ಪ್ಯಾಕೆಟಿನ ಬೆಲೆ ಮಾತ್ರ ತೆಗೆದುಕೊಂಡು, ಬಂದ ಎಲ್ಲರಿಗೂ ಅಂಗಡಿಯ ಲೆಕ್ಕದಲ್ಲಿ ಏನಾದರೂ ಸಣ್ಣದು ಕೊಡುತ್ತಾರೆ. ಅಲ್ಲಿ ಕೊಟ್ಟ ಹಣಕ್ಕೆ ಮಾಲು ಕೈಗೆ ಬಂತು. ಕೆಲವು ಕಡೆ ಪ್ಯಾಕೆಟಿನ ಬೆಲೆಯ ಮೇಲೆ ಇನ್ನಷ್ಟು ತೆಗೆದುಕೊಂಡು, ಆ ಹೆಚ್ಚಿನ ಹಣದ ಪ್ಯಾಕೆಟ್‌ಗಳನ್ನು ಗೆದ್ದವರಿಗೆ ಕೊಡುತ್ತಾರೆ. ಇದು ಬೇರೆ ಸಂಗತಿ, ಇಲ್ಲಿ ಎಚ್ಚರ ಬೇಕು. 'ಮಗ ಕಾರ್ಡ್ ಆಡ್ತಾನೆ, ಆಗ್ತದಾ' ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. 'ಶುಲ್ಕ ಇಷ್ಟು, ಪ್ಯಾಕೆಟಿನ ಬೆಲೆ ಇಷ್ಟು, ಬಹುಮಾನ ಇಂಥವರ ಹಣದಿಂದ' ಅಂತ ಕೇಳಿದರೆ ಉತ್ತರ ಕೊಡುವವರಿಗೂ ಹಿಡಿತ ಸಿಗುತ್ತದೆ. ನಮ್ಮ ಹುಡುಗ ತನ್ನ ಅಂಗಡಿಯವನ ಹತ್ತಿರ ಇದನ್ನು ನೇರವಾಗಿ ಕೇಳಿದ್ದ. ಅಂಗಡಿಯವನು ಬೇಸರ ಮಾಡದೆ ಲೆಕ್ಕ ತೋರಿಸಿದನಂತೆ.

ಸಮಯದ ವಿಷಯವೂ ಉಂಟು. ಡ್ರಾಫ್ಟ್, ಕಟ್ಟು ಕಟ್ಟುವುದು, 50 ನಿಮಿಷದ ಮೂರು ಸುತ್ತು, ಎಲ್ಲ ಸೇರಿ ಮೂರೂವರೆ ನಾಲ್ಕು ಗಂಟೆ. ಸಂಜೆ ಶುರುವಾದರೆ ಮಗ್ರಿಬ್ ನಡುವೆಯೇ ಬೀಳುತ್ತದೆ, ಮಗ್ರಿಬ್‌ನ ಹೊತ್ತು ಕಾಯುವುದಿಲ್ಲ. ಇಬ್ಬರು ಮೂವರು ಮೊದಲೇ ಹೇಳಿಟ್ಟರೆ ಸುತ್ತು ಮುಗಿದ ಮೇಲೆ ಹದಿನೈದು ನಿಮಿಷ ಬಿಡುವು ಕೊಡುತ್ತಾರೆ, ಅದಕ್ಕೆ ಅವರ ಅಂಗಡಿಯಲ್ಲಿ ಯಾರೂ ಅಡ್ಡ ಹೇಳುವುದಿಲ್ಲವಂತೆ. ಕೇಳಬೇಕು ಅಷ್ಟೇ. ಕೆಲವು ಕಾರ್ಡುಗಳ ಚಿತ್ರ ಮನೆಯಲ್ಲಿ ಇಡಲು ಹಿಡಿಸುವಂಥದ್ದಲ್ಲ, ಪಿಶಾಚಿ, ಅಸ್ಥಿಪಂಜರ ಇತ್ಯಾದಿ. ಸಣ್ಣ ಮಕ್ಕಳಿರುವ ಮನೆಯವರು ಅದನ್ನೂ ನೋಡಿಕೊಳ್ಳಬೇಕು.

ನನಗೆ ಹೆಚ್ಚು ಚಿಂತೆಯಾದದ್ದು ಟೂರ್ನಮೆಂಟಿನ ಬಗ್ಗೆ ಅಲ್ಲ, ಆಡದೆ ಬರೀ ಪ್ಯಾಕೆಟ್ ಒಡೆಯುವ ಚಟದ ಬಗ್ಗೆ. 2023ರಲ್ಲಿ ದಿ ಲಾರ್ಡ್ ಆಫ್ ದಿ ರಿಂಗ್ಸ್ ಕಥೆಯ ಮೇಲೆ ಕಾರ್ಡ್ ತಂದಾಗ ಇಡೀ ಜಗತ್ತಿಗೆ ಒಂದೇ ಒಂದು ಪ್ರತಿಯ ಉಂಗುರದ ಕಾರ್ಡನ್ನು ಯಾವುದೋ ಒಂದು ಪ್ಯಾಕೆಟಿನೊಳಗೆ ಇಟ್ಟಿದ್ದರು. ಅದು ಕೊನೆಗೆ ಅಮೆರಿಕದ ಗಾಯಕ ಪೋಸ್ಟ್ ಮಲೋನ್ ಅವರ ಪಾಲಾಯಿತು, ಲಕ್ಷಾಂತರ ಡಾಲರ್ ಬೆಲೆಗೆ. ಆ ಸುದ್ದಿ ಓದಿದ ಎಷ್ಟು ಹುಡುಗರು ಪೆಟ್ಟಿಗೆಗಟ್ಟಲೆ ಪ್ಯಾಕೆಟ್ ಒಡೆದಿರಬಹುದು! ಒಬ್ಬನೇ ಕೋಣೆಯಲ್ಲಿ ಕೂತು ಪ್ಯಾಕೆಟ್ ಒಡೆಯುವವನಿಗೆ ದಾಟಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಬೇಕಾದ ಕಾರ್ಡ್ ಬರಲಿಲ್ಲ ಅಂತ ಇನ್ನೊಂದು ಒಡೆಯುತ್ತಾನೆ. ಡ್ರಾಫ್ಟ್‌ಗೆ ಕೂತವನು ಮೂರಕ್ಕೆ ನಿಲ್ಲುತ್ತಾನೆ, ನಾಲ್ಕನೆಯದು ಒಡೆಯಲು ಆಟವೇ ಬಿಡುವುದಿಲ್ಲ.

ದುಬೈಯಲ್ಲಿ ಈ ಹುಡುಗರು ಈಗ ಇನ್ನೊಂದು ದಾರಿ ಹಿಡಿದಿದ್ದಾರೆ. ಅದಕ್ಕೆ ಕ್ಯೂಬ್ ಎನ್ನುತ್ತಾರೆ, ಆಟದ ಲೋಕದಲ್ಲಿ ಹಳೆಯ ಪದ್ಧತಿಯೇ. ಮೂರು ವರ್ಷದಲ್ಲಿ ಎಲ್ಲರ ಬಳಿ ಉಳಿದ ಸಾಮಾನ್ಯ ಕಾರ್ಡುಗಳಿಂದ ಒಂದೊಂದು ಪ್ರತಿ ಆರಿಸಿ 360 ಒಟ್ಟು ಮಾಡಿದ್ದಾರೆ. ಮಾರಿದರೆ ಎಲ್ಲ ಸೇರಿ ಒಂದು ಹೊತ್ತಿನ ಬಿರಿಯಾನಿಗೂ ಸಾಲದ ಕಾರ್ಡುಗಳು. ಅವನ್ನು ಕಲಸಿ, ಹದಿನೈದು ಹದಿನೈದರ 24 ಪಾಲು ಮಾಡಿ, ಪ್ಯಾಕೆಟಿನ ಹಾಗೆ ಕವುಚಿ ಇಟ್ಟು ಡ್ರಾಫ್ಟ್ ಆಡುತ್ತಾರೆ. ಶುಲ್ಕ ಇಲ್ಲ, ಬಹುಮಾನ ಇಲ್ಲ. ಸೋತವನು ಚಹಾ ಮಾಡಬೇಕು ಎಂದು ಯಾರೋ ಹೇಳಿದ್ದಕ್ಕೆ, ಅದೂ ಪಣವೇ ಆಯಿತಲ್ಲ ಅಂತ ತಮಾಷೆ ಮಾಡಿ, ಈಗ ಕೋಣೆ ಯಾರದ್ದೋ ಅವರೇ ಚಹಾ ಮಾಡುತ್ತಾರಂತೆ. ಶನಿವಾರ ಇಶಾ ಕಳಿದು ಕೂರುತ್ತಾರೆ. ಇಬ್ಬರು ಉಳ್ಳಾಲ ಕಡೆಯವರು, ಒಬ್ಬ ಬಂಟ್ವಾಳದವನು, ಒಬ್ಬ ಮಲಪ್ಪುರಂನವನು, ಇಬ್ಬರು ಫಿಲಿಪೀನ್ಸ್‌ನವರು, ಒಬ್ಬ ಈಜಿಪ್ಟಿನವನು, ಮತ್ತೆ ನಮ್ಮ ಹುಡುಗ. ಮೂರು ಸುತ್ತು ಮುಗಿದ ಮೇಲೆ ಕಟ್ಟು ಬಿಚ್ಚಿ, ಕಾರ್ಡ್ ಎಣಿಸಿ, 360 ಸರಿ ಇದೆ ಅಂತ ನೋಡಿ, ಚಪ್ಪಲಿ ತಂದ ಹಳೆಯ ರಟ್ಟಿನ ಪೆಟ್ಟಿಗೆಗೆ ಹಾಕಿ ಮುಚ್ಚುತ್ತಾರೆ.